ಮಳೆ ನಿಲ್ಲದ ಮನೆ

ಕಾಗದ ಸೀಳುವುದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಪತ್ರಿಕೆಯ ಅಂಚಿಗೆ ಕೊಕ್ಕು ಕೊಟ್ಟು, ಒಂದರ ಪಕ್ಕದಲ್ಲೊಂದು ಸಣ್ಣ ತೂತು ಕಚ್ಚುತ್ತ ಹೋಗುತ್ತಾಳೆ. ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲು ಮೂಡುತ್ತದೆ. ಸಾಲು ಮುಗಿದಲ್ಲಿ ಬೆರಳುದ್ದದ ಪಟ್ಟಿಯೊಂದು ಕಳಚಿಕೊಳ್ಳುತ್ತದೆ. ಆ ಪಟ್ಟಿಯನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಬಾಲದ ಬುಡದ ನೀಲಿ ಗರಿಗಳನ್ನು ಉಬ್ಬಿಸಿ ಅವುಗಳ ನಡುವೆ ಸಿಕ್ಕಿಸುತ್ತಾಳೆ. ಗರಿ ಮತ್ತೆ ಮೈಗೆ ಒತ್ತಿಕೊಂಡಾಗ ಪಟ್ಟಿ ಅಲ್ಲೇ ನಿಲ್ಲುತ್ತದೆ. ಒಂದಾದ ಮೇಲೊಂದು ಹೀಗೆ ನಾಲ್ಕಾರು ಸಿಕ್ಕಿಸಿಕೊಂಡು ಹಾರುತ್ತಾಳೆ. ದಾರಿಯಲ್ಲಿ ಅರ್ಧ ಉದುರುತ್ತವೆ. ಅವಳು ತಿರುಗಿ ನೋಡುವುದಿಲ್ಲ. ಉಳಿದದ್ದನ್ನು ಪುಸ್ತಕದ ಕಪಾಟಿನಲ್ಲಿ, ನಿಘಂಟುಗಳ ಹಿಂದಿನ ಕತ್ತಲ ಸಂದಿಯಲ್ಲಿ ಇಳಿಸಿ ಮತ್ತೆ ಪತ್ರಿಕೆಗೆ ಬರುತ್ತಾಳೆ.

ಮಲ್ಲಿ ಲವ್‌ಬರ್ಡ್. ಊರು ಬಿಟ್ಟು ಹೋಗಬೇಕಾಗಿ ಬಂದ ನೆಂಟರೊಬ್ಬರು ಪಂಜರದ ಸಮೇತ ನಮ್ಮ ಮೈಸೂರಿನ ಮನೆಗೆ ತಂದುಕೊಟ್ಟವಳು. ನಮ್ಮ ಕಡೆ ಲವ್ ಬರ್ಡ್ಸ್ ಅಂದರೆ ಬಹಳ ಜನ ತೋರಿಸುವುದು ಆಸ್ಟ್ರೇಲಿಯಾ ಮೂಲದ ಬಡ್ಜೆರಿಗರ್ ಹಕ್ಕಿಯನ್ನು. ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಆಸುಪಾಸಿನ ಹಕ್ಕಿ ಅಂಗಡಿಗಳಲ್ಲಿ ಮಲ್ಲಿಯ ಜಾತಿಯನ್ನು ಕೇಳಬೇಕಾದರೆ ‘ಆಫ್ರಿಕನ್’ ಎಂದು ಸೇರಿಸಿ ಕೇಳಬೇಕು. ಆಫ್ರಿಕಾ ಮತ್ತು ಮಡಗಾಸ್ಕರ್‌ನಲ್ಲಿ ಒಟ್ಟು ಒಂಬತ್ತು ಬಗೆಯ ಲವ್‌ಬರ್ಡ್‌ಗಳಿವೆ. ಇವಳು ಅವುಗಳಲ್ಲಿ ಗುಲಾಬಿ ಮುಖದವಳು. ಇವಳ ಕುಲದವರ ನೆಲೆ ನಮೀಬಿಯಾ, ಅಂಗೋಲಾದ ನೈಋತ್ಯ ಭಾಗ, ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆ. ಒಣ ನಾಡು. ಅಲ್ಲಿ ಇವರು ಬಂಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತಾರೆ, ಇಲ್ಲವೇ ಅಲ್ಲಿನ ಸಂಘಜೀವಿ ನೇಕಾರ ಹಕ್ಕಿಗಳು ಮರದ ಮೇಲೆ ಕಟ್ಟುವ ದೊಡ್ಡ ಹುಲ್ಲಿನ ವಠಾರದಲ್ಲಿ ಒಂದು ಕೋಣೆ ಹಿಡಿಯುತ್ತಾರೆ. ನಿಘಂಟಿನ ಹಿಂದಿನ ಸಂದಿ ಮಲ್ಲಿಗೆ ಬಂಡೆಯ ಬಿರುಕೇ. ನಮ್ಮ ಮನೆಯಲ್ಲಿ ಅಂಥ ಬಿರುಕುಗಳು ಎಷ್ಟಿವೆ ಎಂಬುದು ಅವಳು ಬಂದ ಮೇಲೆಯೇ ನಮಗೆ ತಿಳಿದದ್ದು: ಫ್ರಿಜ್ಜಿನ ಹಿಂದೆ, ಬೀರುವಿನ ಮೇಲೆ, ಸೋಫಾದ ಹೊಟ್ಟೆಯೊಳಗೆ, ಅರ್ಧ ತೆರೆದ ಡ್ರಾಯರಿನಲ್ಲಿ, ಮಡಚಿಟ್ಟ ಕಂಬಳಿಯ ಪದರದಲ್ಲಿ.

ಗರಿಯಲ್ಲಿ ಸಿಕ್ಕಿಸಿಕೊಂಡು ಸಾಗಿಸುವ ಈ ಪದ್ಧತಿಯ ಬಗ್ಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ನಡೆಸಿದ ಅಧ್ಯಯನವೊಂದಿದೆ. 1962ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರು ಅದನ್ನು ಬರೆದರು. ಟಾಂಜಾನಿಯಾದಲ್ಲಿ, ವಿಕ್ಟೋರಿಯಾ ಸರೋವರದ ದಕ್ಷಿಣಕ್ಕಿರುವ ಫಿಷರ್ ಲವ್‌ಬರ್ಡ್‌ಗಳು ಗೂಡಿನ ಸಾಮಗ್ರಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಒಯ್ಯುತ್ತವೆ. ಗುಲಾಬಿ ಮುಖದವು ಗರಿಯಲ್ಲಿ ಒಯ್ಯುತ್ತವೆ. ಇವೆರಡನ್ನೂ ಕೂಡಿಸಿದರೆ ಹುಟ್ಟುವ ಮರಿಗಳು ಏನು ಮಾಡುತ್ತವೆ? ಡಿಲ್ಗರ್ ನೋಡಿದ ಆ ಮಿಶ್ರ ಹಕ್ಕಿಗಳು ಪಟ್ಟಿಯನ್ನು ಚೆನ್ನಾಗಿಯೇ ಕತ್ತರಿಸಿದವು, ಕತ್ತು ತಿರುಗಿಸಿ ಗರಿಗೆ ಸಿಕ್ಕಿಸಲು ಹೋದವು, ಆದರೆ ಸಿಕ್ಕಿಸಲಾಗಲಿಲ್ಲ. ಸಿಕ್ಕಿಸಿ ಬಿಡಬೇಕಾದಲ್ಲಿ ಕೊಕ್ಕು ಬಿಡುತ್ತಿರಲಿಲ್ಲ. ಬಿಟ್ಟರೆ ಪಟ್ಟಿ ಕೆಳಗೆ ಬೀಳುತ್ತಿತ್ತು. ಕೊಕ್ಕಿನಲ್ಲಿಯೇ ಒಯ್ದರೆ ಸಾಕು ಎಂಬುದನ್ನು ಅವು ಕಲಿಯಲು ಸುಮಾರು ಮೂರು ವರ್ಷ ಹಿಡಿಯಿತು. ಕಲಿತ ಮೇಲೂ, ಹಾರುವ ಮುನ್ನ ತಲೆಯನ್ನೊಮ್ಮೆ ಹಿಂದಕ್ಕೆ ತಿರುಗಿಸುವುದನ್ನು ಬಿಡಲಿಲ್ಲ.

ಇದನ್ನು ಓದಿದ ಮೇಲೆ ಮಲ್ಲಿಗೆ ‘ಛೀ, ಬಿಡು’ ಎಂದು ಗದರುವುದು ನನ್ನಿಂದಾಗಲಿಲ್ಲ. ರಕ್ತದಲ್ಲಿ ಅಷ್ಟು ಆಳಕ್ಕೆ ಇಳಿದಿರುವುದನ್ನು ಗದರಿ ಬಿಡಿಸಲಾಗದು. ಹಾಗೆಂದು ಅವಳ ಪಾಡಿಗೆ ಬಿಟ್ಟರೂ ಆಗದು. ಗೂಡು ಕಟ್ಟಿದವಳು ಮೊಟ್ಟೆ ಇಡುತ್ತಾಳೆ. ಗಂಡಿಲ್ಲದಿದ್ದರೂ ಇಡುತ್ತಾಳೆ, ನಾಟಿ ಕೋಳಿ ಹುಂಜವಿಲ್ಲದೆ ಇಡುವುದಿಲ್ಲವೇ. ಒಂದು ಸರದಿಗೆ ನಾಲ್ಕರಿಂದ ಆರು ಮೊಟ್ಟೆ, ದಿನ ಬಿಟ್ಟು ದಿನ. ಮಲ್ಲಿಯ ಇಡೀ ಮೈಯ ತೂಕ ಐವತ್ತು ಗ್ರಾಂ ಆಸುಪಾಸು. ಆ ಮೈಯಿಂದಲೇ ಅಷ್ಟೂ ಚಿಪ್ಪಿನ ಸುಣ್ಣ ಹೊರಡಬೇಕು. ಮೊಟ್ಟೆಯ ಕಾಲ ಹತ್ತಿರವಾದಾಗ ಹೆಣ್ಣು ಹಕ್ಕಿಯ ಕೆಲವು ಮೂಳೆಗಳ ಪೊಳ್ಳಿನೊಳಗೆ ಸುಣ್ಣದ ವಿಶೇಷ ದಾಸ್ತಾನೊಂದು ಬೆಳೆಯುತ್ತದೆ. ಚಿಪ್ಪು ಕಟ್ಟುವಾಗ ದೇಹ ಅದನ್ನು ಕರಗಿಸಿಕೊಳ್ಳುತ್ತದೆ. ಕಾಡಿನಲ್ಲಿ ವರ್ಷದ ಒಂದು ಹೊತ್ತಿಗೆ ಈ ದಾಸ್ತಾನು ತೆರೆದು, ಮರಿಗಳು ಹಾರಿದ ಮೇಲೆ ಮತ್ತೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬಿಡುವಿರುತ್ತದೆ. ಮನೆಯಲ್ಲಿ ಆ ಬಿಡುವು ಬರುವುದೇ ಇಲ್ಲ.

ಯಾಕೆ ಬರುವುದಿಲ್ಲ ಎಂಬುದೇ ಈ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ನಮೀಬಿಯಾದಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗ, ಹೊಂಡಗಳಲ್ಲಿ ನೀರು ನಿಂತಾಗ ಅವರಿಗೆ ಗೂಡಿನ ನೆನಪಾಗುತ್ತದೆ. ತಿನ್ನಲು ಧಾರಾಳ, ಕುಡಿಯಲು ಧಾರಾಳ, ಬೆಳಕು ದೀರ್ಘ, ಅವಿತುಕೊಳ್ಳಲು ಒಂದು ಬಿಲ, ಪಕ್ಕದಲ್ಲಿ ಪ್ರೀತಿಸುವವರು: ಇವೆಲ್ಲ ಕೂಡಿಬಂದರೆ ಮೈ ತಾನಾಗಿ ಮೊಟ್ಟೆಗೆ ಸಿದ್ಧವಾಗುತ್ತದೆ. ಮಳೆ ಹಿಂದೆ ಸರಿದು ನೆಲ ಒಣಗಿದಾಗ ತಾನಾಗಿಯೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಬಟ್ಟಲು ಖಾಲಿಯಾಗುವ ಮೊದಲೇ ನವಣೆ ಬೀಳುತ್ತದೆ. ನೀರು ದಿನಕ್ಕೆರಡು ಸಲ ಹೊಸದು. ಸೂರ್ಯ ಮುಳುಗಿದ ಮೇಲೂ ರಾತ್ರಿ ಹನ್ನೊಂದರವರೆಗೆ ಹಾಲಿನಲ್ಲಿ ಟ್ಯೂಬ್‌ಲೈಟು, ಟಿವಿ. ಹೆಗಲ ಮೇಲೆ ಕೂತರೆ ಬೆನ್ನು ಸವರುವ ಕೈ. ಅವಳ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಮಳೆ ನಿಂತದ್ದೇ ಇಲ್ಲ. ಹೊಟ್ಟೆ ತುಂಬಾ ಕೊಟ್ಟೆವು, ಮುದ್ದು ಕೊಟ್ಟೆವು, ಬೆಳಕು ಕೊಟ್ಟೆವು. ಬೇಸಿಗೆಯೊಂದನ್ನು ಕೊಡಲಿಲ್ಲ. ಅವಳ ಗೂಡಿನ ಗೀಳನ್ನು ಹತೋಟಿಗೆ ತರುವುದೆಂದರೆ, ನಾನು ಕಂಡುಕೊಂಡಂತೆ, ಅವಳಿಗೊಂದು ಬೇಸಿಗೆಯನ್ನು ಒದಗಿಸುವುದು.

ಇದನ್ನು ಅತ್ತೆಗೆ ಒಪ್ಪಿಸುವುದು ಸುಲಭವಿರಲಿಲ್ಲ. ಮಲ್ಲಿ ಮೊದಲ ಮೊಟ್ಟೆ ಇಟ್ಟ ದಿನ ಅವರು ಹೆಸರುಕಾಳು ನೆನೆಹಾಕಿದರು. ಮಾರನೆಯ ದಿನ ಮೊಳಕೆ ಬಂತು. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಬಂತು, ಸೂರ್ಯಕಾಂತಿ ಬೀಜ ಬಂತು, ಸೇಬಿನ ಹೋಳು ಬಂತು. ಬಸುರಿಗೆ ಬಯಕೆ ತೀರಿಸುವ, ಬಾಣಂತಿಗೆ ತುಪ್ಪ ಬಡಿಸುವ ಕೈ ಅದು. ಅದಕ್ಕೆ ಬೇರೆ ದಾರಿ ಗೊತ್ತಿಲ್ಲ, ಆ ಪ್ರೀತಿಯಲ್ಲಿ ಕೊರತೆಯೂ ಇಲ್ಲ. ‘ಮೊಳಕೆ ಬೇಡ ಅತ್ತೆ, ಅದು ಇನ್ನಷ್ಟು ಮೊಟ್ಟೆಗೆ ಎಬ್ಬಿಸುತ್ತೆ’ ಎಂದೆ. ‘ಮೊಟ್ಟೆ ಇಡೋಳಿಗೆ ಬಾಯಿ ಕಟ್ತೀಯಾ? ಎಲ್ಲಾದ್ರೂ ಉಂಟೇನೆ?’ ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮೊಟ್ಟೆ ಇಡುವವಳಿಗೆ ಸುಣ್ಣ ಬೇಕು, ಅದರಲ್ಲಿ ಕೈ ಬಿಗಿಹಿಡಿಯಬಾರದು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಸಿಗುವ, ಹಕ್ಕಿ ಅಂಗಡಿಯವರು ಕಟಲ್ ಬೋನ್ ಎಂದು ಕೊಡುವ ಆ ಬಿಳಿ ಹಗುರ ಎಲುಬನ್ನು ಪಂಜರದ ಕಂಬಿಗೆ ಸದಾ ಸಿಕ್ಕಿಸಿರಬೇಕು. ನುಗ್ಗೆ ಸೊಪ್ಪು ಕೊಡಬೇಕು. ಬೆಳಗಿನ ಎಳೆಬಿಸಿಲು ನೇರವಾಗಿ ಮೈಗೆ ತಾಗಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣ ಉಳಿಯುವುದಿಲ್ಲ, ಆ ಜೀವಸತ್ವವಿಲ್ಲದೆ ತಿಂದ ಸುಣ್ಣ ಮೈಗೆ ಹತ್ತುವುದೂ ಇಲ್ಲ. ಕಡಿಮೆ ಮಾಡಬೇಕಾದದ್ದು ಎಣ್ಣೆಕಾಳು, ನೆನೆಸಿದ ಕಾಳು, ಮೆತ್ತನೆಯ ಬಿಸಿ ತಿನಿಸು. ಇವು ಮಳೆಗಾಲದ ಊಟ. ಒಣ ನವಣೆ, ಸೊಪ್ಪು, ಅದೂ ಅಳತೆಯಲ್ಲಿ, ಬೇಸಿಗೆಯದು. ಆದರೆ ಅವಳು ಮೊಟ್ಟೆ ಇಡುತ್ತಿರುವಾಗಲೇ ಏಕಾಏಕಿ ಊಟ ಕಡಿತ ಮಾಡಬಾರದು. ಆ ಸರದಿ ಮುಗಿಯಲಿ, ಮೈ ಚೇತರಿಸಿಕೊಳ್ಳಲಿ, ಆಮೇಲೆ ಮೆಲ್ಲಗೆ ಬದಲಿಸಬೇಕು.

ಅತ್ತೆಯ ಮನಸ್ಸು ತಿರುಗಿದ್ದು ನನ್ನ ಮಾತಿನಿಂದಲ್ಲ. ಒಂದು ಬೆಳಿಗ್ಗೆ ಮಲ್ಲಿ ಕೋಲಿನ ಮೇಲಿರಲಿಲ್ಲ. ಪಂಜರದ ತಳದಲ್ಲಿ, ಮೂಲೆಯಲ್ಲಿ, ಗರಿಯೆಲ್ಲ ಕೆದರಿಕೊಂಡು ಕೂತಿದ್ದಳು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ತಿಣುಕುತ್ತಿದ್ದಳು, ಏನೂ ಬರುತ್ತಿರಲಿಲ್ಲ. ಮೊಟ್ಟೆ ಒಳಗೇ ನಿಂತಿತ್ತು. ಸುಣ್ಣ ಕಡಿಮೆಯಾದರೆ ಚಿಪ್ಪು ಮೆತ್ತಗಾಗುವುದಷ್ಟೇ ಅಲ್ಲ, ಮೊಟ್ಟೆಯನ್ನು ಹೊರದೂಡುವ ಸ್ನಾಯುವಿಗೂ ಬಲ ಸಾಲುವುದಿಲ್ಲ. ಸ್ನಾಯು ಬಿಗಿಯುವುದಕ್ಕೂ ಸುಣ್ಣವೇ ಬೇಕು. ಈ ಸ್ಥಿತಿಯಲ್ಲಿ ಹಕ್ಕಿ ಗಂಟೆಗಳ ಲೆಕ್ಕದಲ್ಲಿ ಸಾಯಬಹುದು. ಹರಳೆಣ್ಣೆ ಸವರಿ ಹೊಟ್ಟೆ ಒತ್ತಿ ಎಂದು ಪಕ್ಕದ ಮನೆಯವರು ಹೇಳಿದರು. ಒತ್ತಲೇಬಾರದು. ಒಳಗೆ ಮೊಟ್ಟೆ ಒಡೆದರೆ ಚೂರುಗಳು ಒಳಗೋಡೆಯನ್ನು ಸೀಳುತ್ತವೆ, ಸೋಂಕು ಹರಡುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ಬದಿಗಿಟ್ಟು, ಅವಳನ್ನು ಬೆಚ್ಚಗೆ ಕೂರಿಸಿಕೊಂಡು ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಓಡಿದೆವು. ಅಂಥವರು ಊರಲ್ಲಿ ಹೆಚ್ಚು ಜನ ಇರುವುದಿಲ್ಲ. ಹಕ್ಕಿ ಸಾಕುವವರು ಅವರ ವಿಳಾಸವನ್ನು ಕಾಯಿಲೆ ಬರುವ ಮುಂಚೆಯೇ ಬರೆದಿಟ್ಟುಕೊಂಡಿರಬೇಕು. ಸುಣ್ಣದ ಚುಚ್ಚುಮದ್ದು ಕೊಟ್ಟು, ಬಿಸುಪಿನಲ್ಲಿ, ತೇವದ ಗಾಳಿಯಲ್ಲಿ ಇಟ್ಟರು. ಸಂಜೆಗೆ ಮೊಟ್ಟೆ ಬಂತು. ಅತ್ತೆ ಅವತ್ತು ಬೆಳಗಿನಿಂದ ಏನೂ ತಿಂದಿರಲಿಲ್ಲ. ‘ಹಂಗಾದ್ರೆ ಇವಳಿಗೆ ಹೆರಿಗೆ ಕಡಿಮೆ ಮಾಡೋದೇ ಆರೈಕೆ ಅನ್ನು’ ಎಂದರು, ದಾರಿಯಲ್ಲಿ.

ಮೊದಲು ಬದಲಾದದ್ದು ಬೆಳಕು. ಮೈಸೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಸೂರ್ಯನನ್ನು ನೆಚ್ಚಿಕೊಂಡರೆ ಇಲ್ಲಿ ಋತು ಬದಲಾಗಿದ್ದು ಹಕ್ಕಿಗೆ ಅಷ್ಟಾಗಿ ತಿಳಿಯದು. ಅದರ ಮೇಲೆ ನಮ್ಮ ದೀಪಗಳು ಹಗಲನ್ನು ಎಳೆದು ಎಳೆದು ಹದಿನಾರು ಹದಿನೇಳು ಗಂಟೆ ಮಾಡುತ್ತವೆ. ಹಕ್ಕಿಗೆ ಬೆಳಕು ತಲುಪುವುದು ಕಣ್ಣಿನಿಂದ ಮಾತ್ರವಲ್ಲ. ತಲೆಬುರುಡೆಯನ್ನು ದಾಟಿ ಮಿದುಳಿನ ಆಳಕ್ಕೆ ಹೋಗುವ ಬೆಳಕನ್ನು ಗ್ರಹಿಸುವ ಕೋಶಗಳು ಅಲ್ಲಿಯೇ ಇವೆ, ಮೊಟ್ಟೆಗೆ ಮೈಯನ್ನು ಅಣಿಮಾಡುವ ಹಾರ್ಮೋನುಗಳ ಹಿಡಿತ ಇರುವುದೂ ಅಲ್ಲೇ. ಹಾಗಾಗಿ ಪಂಜರದ ಮೇಲೆ ತೆಳು ಸೀರೆ ಹೊದಿಸಿ ಹಾಲಿನಲ್ಲೇ ಬಿಡುವುದರಿಂದ ಪ್ರಯೋಜನವಿಲ್ಲ. ಸಂಜೆ ಆರೂವರೆಗೆ ಪಂಜರವನ್ನು ಒಳಕೋಣೆಗೆ ಒಯ್ಯುತ್ತೇವೆ. ಬೆಳಿಗ್ಗೆ ಆರೂವರೆಯವರೆಗೆ ಅಲ್ಲಿ ಕತ್ತಲು, ಸದ್ದಿಲ್ಲ. ಹನ್ನೆರಡು ಗಂಟೆಗೆ ಕಡಿಮೆಯಿಲ್ಲದ ರಾತ್ರಿ. ಬೇರೇನನ್ನೂ ಮಾಡಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ಮಾಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬಿಲಗಳನ್ನು ಮುಚ್ಚುವುದು ಇನ್ನೂ ತಾಳ್ಮೆಯ ಕೆಲಸ. ಹಕ್ಕಿ ಅಂಗಡಿಯಲ್ಲಿ ಪಂಜರದೊಂದಿಗೆ ಒಂದು ಮಡಿಕೆಯನ್ನೂ ಕೊಡುತ್ತಾರೆ, ಬದಿಗೆ ತೂತು ಕೊರೆದದ್ದು. ಮರಿ ಮಾಡಿಸಿ ಮಾರುವವರಿಗೆ ಅದು ಬೇಕು. ಒಂಟಿ ಹೆಣ್ಣಿಗೆ ಮಡಿಕೆ ಕಟ್ಟುವುದೆಂದರೆ ಮೊಟ್ಟೆ ಇಡು ಎಂದು ಕರೆದು ಹೇಳಿದಂತೆ. ಮಲಗಲು ಎಂದು ಮಾರುವ ಬಟ್ಟೆಯ ಗುಡಾರವೂ, ತೆಂಗಿನ ಚಿಪ್ಪಿನ ಮನೆಯೂ ಅಷ್ಟೇ. ಇವರಿಗೆ ಮಲಗಲು ಕೋಲೊಂದಿದ್ದರೆ ಸಾಕು. ಮಡಿಕೆ ಹೋಯಿತು. ನಿಘಂಟುಗಳು ಗೋಡೆಗೆ ಅಂಟಿ ನಿಂತವು. ಫ್ರಿಜ್ಜಿನ ಹಿಂದಿನ ಸಂದಿಗೆ ಹಲಗೆ ಬಂತು. ಪಂಜರದೊಳಗಿನ ಕೋಲು, ಬಟ್ಟಲು, ಉಯ್ಯಾಲೆಗಳ ಜಾಗವನ್ನು ಆಗಾಗ ಅದಲುಬದಲು ಮಾಡುತ್ತೇವೆ, ಪಂಜರವನ್ನೇ ಒಮ್ಮೊಮ್ಮೆ ಬೇರೆ ಗೋಡೆಗೆ ಸರಿಸುತ್ತೇವೆ. ಜಾಗ ಸ್ವಲ್ಪ ಹೊಸದೆನಿಸಿದರೆ ಮೊಟ್ಟೆ ಇಡುವ ಧೈರ್ಯ ಸ್ವಲ್ಪ ಹಿಂದಕ್ಕೆ ಹೋಗುತ್ತದೆ.

ಮುಟ್ಟುವುದರಲ್ಲೂ ಒಂದು ಮಿತಿ ಇದೆ, ಮಕ್ಕಳಿಗೆ ಇದನ್ನು ಹೇಳಿಕೊಡುವುದು ಕಷ್ಟ. ತಲೆ ಮತ್ತು ಕೆನ್ನೆ ಕೆರೆಯಬಹುದು. ಬೆನ್ನು, ರೆಕ್ಕೆಯಡಿ, ಬಾಲದ ಬುಡ ಸವರಬಾರದು. ಆ ಸ್ಪರ್ಶ ಸಂಗಾತಿಯದು. ಸವರಿದಾಗ ಅವಳು ಬಾಲ ಎತ್ತಿ, ರೆಕ್ಕೆ ಇಳಿಬಿಟ್ಟು, ಮೈ ಬಾಗಿಸಿ ಕೂರುತ್ತಾಳೆ. ನೋಡುವವರು ಮುದ್ದು ಮಾಡಿಸಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅವಳು ಕೇಳುತ್ತಿರುವುದು ನಾವು ಕೊಡಲಾಗದ್ದನ್ನು. ಕನ್ನಡಿಯನ್ನೂ ತೆಗೆದಿಟ್ಟೆವು, ಯಾಕೆಂದರೆ ಅದರೊಳಗಿನ ಹಕ್ಕಿಗೆ ಇವಳು ತಿಂದದ್ದನ್ನು ಕಕ್ಕಿ ತಿನ್ನಿಸಲು ಹೋಗುತ್ತಿದ್ದಳು. ಜೋಡಿಗಳು ಒಂದಕ್ಕೊಂದು ಉಣಿಸುವುದು ಹೀಗೆಯೇ.

ಕಾಗದದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಷೇಧದ ಪರವಾಗಿಲ್ಲ. ಗುಲಾಬಿ ಮುಖದ ಹೆಣ್ಣಿಗೆ ಸೀಳಲು ಏನನ್ನೂ ಕೊಡಬೇಡಿ ಎಂದು ಅನುಭವಿಗಳು ಹೇಳುತ್ತಾರೆ, ಅದರಲ್ಲಿ ಕಾರಣವಿದೆ. ಆದರೆ ಸೀಳುವುದು ಅವಳಿಗೆ ಬರುವ ಕೆಲಸಗಳಲ್ಲಿ ಅತ್ಯಂತ ಕುಶಲವಾದದ್ದು. ದಿನವಿಡೀ ಮಾಡಲು ಏನೂ ಇಲ್ಲದ ಹಕ್ಕಿ ತನ್ನ ಗರಿಯನ್ನೇ ಕಿತ್ತುಕೊಳ್ಳಲು ತೊಡಗುತ್ತದೆ. ನಾನು ನೋಡುವುದು ಅವಳ ಕತ್ತನ್ನು. ಸುಮ್ಮನೆ ಕಚ್ಚಿ ಚೂರು ಮಾಡಿ ಉದುರಿಸುತ್ತಿದ್ದರೆ ಆಟ, ಇರಲಿ. ಪಟ್ಟಿ ಕತ್ತರಿಸಿ ಬಾಲದ ಬುಡಕ್ಕೆ ಕತ್ತು ತಿರುಗಿಸಿದರೆ ಪತ್ರಿಕೆ ಒಳಗೆ ಹೋಗುತ್ತದೆ, ಅದರ ಜಾಗಕ್ಕೆ ಸೀಬೆಯ ಹಸಿ ಟೊಂಗೆ ಬರುತ್ತದೆ. ತೊಗಟೆ ಸುಲಿಯಲು ಅವಳಿಗೆ ಅರ್ಧ ದಿನ ಬೇಕು, ಗಟ್ಟಿ ಟೊಂಗೆಯಿಂದ ಉದ್ದ ಪಟ್ಟಿ ಸುಲಭಕ್ಕೆ ಬರುವುದೂ ಇಲ್ಲ. ನವಣೆಯ ಕಾಳನ್ನು ಬಟ್ಟಲಲ್ಲಿ ಸುರಿಯುವ ಬದಲು ಸೊಪ್ಪಿನ ಕಂತೆಯಲ್ಲಿ ಅಡಗಿಸಿ ಕೊಡುತ್ತೇವೆ. ಕಾಡಿನಲ್ಲಿ ಬೇಸಿಗೆಯ ಹಗಲು ಹೊಟ್ಟೆಪಾಡಿನ ಹುಡುಕಾಟದಲ್ಲೇ ಕಳೆಯುತ್ತದೆ. ಗೋಣಿಯ ನಾರು, ದಾರದ ಎಳೆ ಮಾತ್ರ ಯಾವ ಕಾಲದಲ್ಲೂ ಬೇಡ. ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಸಲ ಮೊಟ್ಟೆ ಬಂದೇ ಬರುತ್ತದೆ. ಅದರ ಮುನ್ಸೂಚನೆ ಈಗ ಮನೆಯವರಿಗೆಲ್ಲ ತಿಳಿಯುತ್ತದೆ. ಪಂಜರದೊಳಗೆ ಕೈ ಹಾಕಿದರೆ ರಕ್ತ ಬರುವ ಹಾಗೆ ಕಚ್ಚುತ್ತಾಳೆ, ನಿನ್ನೆಯವರೆಗೆ ಅದೇ ಕೈಯಿಂದ ತಿಂದವಳು. ಹಿಕ್ಕೆ ದೊಡ್ಡದಾಗಿ, ನಾತ ಹೊಡೆಯುತ್ತ ಬೀಳುತ್ತದೆ, ಗೂಡಿನಲ್ಲಿ ಗಲೀಜು ಮಾಡಬಾರದೆಂದು ತಡೆದಿಟ್ಟುಕೊಳ್ಳುವುದರಿಂದ. ಕಾಲುಗಳು ತುಸು ಅಗಲವಾಗುತ್ತವೆ. ಆಗ ಅವಳ ಮೇಲೆ ಸಿಟ್ಟು ಮಾಡುವುದರಲ್ಲಿ ಅರ್ಥವಿಲ್ಲ. ಕಚ್ಚುವುದು ಜಾಗ ಕಾಯುವ ಕೆಲಸ. ಮೊಟ್ಟೆ ಬಂದ ಮೇಲೆ ಅದನ್ನು ತೆಗೆಯಬಾರದು. ತೆಗೆದರೆ ಲೆಕ್ಕ ತುಂಬಲಿಲ್ಲವೆಂದು ಇನ್ನೊಂದು ಇಡುತ್ತಾಳೆ, ಅದನ್ನೂ ತೆಗೆದರೆ ಮತ್ತೊಂದು. ಗಂಡಿಲ್ಲದವಳ ಮೊಟ್ಟೆಯಲ್ಲಿ ಮರಿಯಾಗುವ ಭಯವಿಲ್ಲವಾದ್ದರಿಂದ ಹಾಗೆಯೇ ಬಿಡಬಹುದು. ಜೋಡಿಯಿದ್ದು ಮರಿ ಬೇಡವಾದವರು ಆಗತಾನೇ ಇಟ್ಟ ಮೊಟ್ಟೆಯನ್ನು ಕುದಿಸಿ ಆರಿಸಿ ವಾಪಸು ಇಡುತ್ತಾರೆ, ಇಲ್ಲವೇ ಅದೇ ಗಾತ್ರದ ಪ್ಲಾಸ್ಟಿಕ್ ಮೊಟ್ಟೆ ಬದಲಿಸುತ್ತಾರೆ. ಮರಿ ಒಡೆಯಲು ಇಪ್ಪತ್ತಮೂರು ದಿನ ಬೇಕು. ಅಷ್ಟು ಹೊತ್ತಿಗೆ ಅವಳಿಗೂ ಗೊತ್ತಾಗುತ್ತದೆ. ಒಂದು ದಿನ ಕಾವಿನಿಂದ ಬೇಗ ಎದ್ದು ಬರುತ್ತಾಳೆ, ಮರುದಿನ ಹೋಗಿ ಕೂರುವುದು ತಡವಾಗುತ್ತದೆ, ಆಮೇಲೆ ಹೋಗುವುದೇ ಇಲ್ಲ. ಕಾವಿಗೆ ಕೂತ ಈ ಅವಧಿಯೂ ಅವಳ ಮೈಗೆ ವಿಶ್ರಾಂತಿಯೇ, ಕೂತಷ್ಟು ದಿನ ಹೊಸ ಮೊಟ್ಟೆ ಇಲ್ಲ. ಯಾವುದಕ್ಕೂ ಬಗ್ಗದೆ ಸರದಿಯ ಮೇಲೆ ಸರದಿ ಇಡುವ ಹಕ್ಕಿಗಳಿಗೆ ವೈದ್ಯರು ಹಾರ್ಮೋನು ತಗ್ಗಿಸುವ ಸಣ್ಣ ಗುಳಿಗೆಯನ್ನು ಚರ್ಮದಡಿ ಇರಿಸುವುದುಂಟು. ಮಲ್ಲಿಗೆ ಅದು ಬೇಕಾಗಿಲ್ಲ.

‘ಒಂದು ಗಂಡು ತಂದುಬಿಡಿ, ಪಾಪ’ ಎನ್ನುವವರಿದ್ದಾರೆ. ಅವರ ಕನಿಕರ ನನಗೆ ಅರ್ಥವಾಗುತ್ತದೆ. ಗಂಡು ಬಂದರೆ ಮೊಟ್ಟೆ ನಿಲ್ಲುವುದಿಲ್ಲ, ಮೊಟ್ಟೆಯೊಳಗೆ ಮರಿ ಬರುತ್ತದೆ. ಒಡೆದ ಮರಿ ಗೂಡು ಬಿಡಲು ಆರು ವಾರ, ಅಷ್ಟರೊಳಗೆ ತಾಯಿ ಮುಂದಿನ ಸರದಿಗೆ ಸಜ್ಜು. ಆ ಮರಿಗಳು ಯಾರ ಮನೆಗೆ ಹೋಗುತ್ತವೆ? ಯಾವ ಅಂಗಡಿಯ ಯಾವ ಕಿಕ್ಕಿರಿದ ಪಂಜರಕ್ಕೆ? ನಮ್ಮ ನೆಲದ ಗಿಣಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ, ಅದು ಸರಿಯಾದದ್ದೇ. ಹೊರನಾಡಿನ ಈ ಹಕ್ಕಿಗಳನ್ನು ಮಾತ್ರ ಯಾರು ಬೇಕಾದರೂ ಕೊಂಡೊಯ್ಯಬಹುದು ಎಂಬಂತೆ ಆಗಿಹೋಗಿದೆ. ಮಲ್ಲಿಯನ್ನು ನಮೀಬಿಯಾಕ್ಕೆ ಬಿಟ್ಟುಬರಲು ನನ್ನಿಂದಾಗದು, ಬಿಟ್ಟರೂ ಪಂಜರದಲ್ಲೇ ಹುಟ್ಟಿದವಳು ಅಲ್ಲಿ ಬದುಕಲಾರಳು. ಇರುವ ಒಬ್ಬಳನ್ನು ಮೂಳೆ ಸವೆಯದಂತೆ, ಬೇಸರ ಬಾರದಂತೆ ಅವಳ ಆಯಸ್ಸಿನ ತುದಿಯವರೆಗೆ ನೋಡಿಕೊಳ್ಳಬಹುದು. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುವ ಜೀವ.

ಮೊನ್ನೆ ಹಾಸನದಿಂದ ಅತ್ತೆಯ ತಂಗಿಯ ಮಗಳು ಫೋನು ಮಾಡಿದ್ದಳು. ಅವರ ಮನೆಯ ಲವ್‌ಬರ್ಡೂ ಒಂಟಿ ಹೆಣ್ಣು, ಟಿವಿಯ ಪಕ್ಕದ ಪಂಜರದಲ್ಲಿ ಮೂರು ಮೊಟ್ಟೆ ಇಟ್ಟಿದೆಯಂತೆ. ಮೊಟ್ಟೆ ತೆಗೆದು ಬಿಸಾಕಲೇ ದೊಡ್ಡಮ್ಮ ಎಂದು ಕೇಳಿದಳು. ಅತ್ತೆ ಕೂತಲ್ಲಿಂದ ಎದ್ದೇ ನಿಂತರು. ‘ಮುಟ್ಟಬೇಡ ಕಣೆ. ಅವಳಾಗಿ ಬಿಟ್ಟು ಏಳೋವರೆಗೂ ಇರಲಿ. ಸಮುದ್ರ ನೊರೆ ತಂದು ಕಟ್ಟು, ಗ್ರಂಧಿಗೆ ಅಂಗಡೀಲಿ ಸಿಗುತ್ತೆ. ಅದಕ್ಕೂ ಮೊದಲು ಎದ್ದು ಹೋಗಿ ಆ ಟಿವಿ ಆರಿಸು.’